ಮಕ್ತಲ್ ಗೋಳದ ಖಾಲಿ ಜಾಗ

ನಾವು ಪೂಜಿಸುವ ವಸ್ತುವನ್ನು ನಮ್ಮ ಕೈಗಳೇ ಅಳಿಸಿಹಾಕುತ್ತಿದ್ದರೆ, ಅದನ್ನು ತಡೆಯುವವರು ಯಾರು?

ಹಳೆಯ ಭೂಪಟ ಮತ್ತು ಭೂಗೋಳಗಳ ಸಂರಕ್ಷಣೆ ನನ್ನ ವೃತ್ತಿ. ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದಾಗ ತೆಲಂಗಾಣದ ಗಡಿಭಾಗದ ನಾರಾಯಣಪೇಟೆಯಲ್ಲಿ ಕೋಣೆಯೊಂದನ್ನು ಹಿಡಿದು, ಸುತ್ತಲಿನ ಶಾಲೆಗಳ ಹಳೆಯ ಬೋಧನೋಪಕರಣಗಳ ಆರೈಕೆ ಮಾಡುತ್ತಿದ್ದೆ. ಮಕ್ತಲ್ ಸಮೀಪದ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಶರಣಮ್ಮನವರು ಒಮ್ಮೆ ನನ್ನನ್ನು ಕರೆಸಿದರು. ಅಲ್ಲಿ ನಿಜಾಮರ ಕಾಲದ, ಉರ್ದು ಅಕ್ಷರಗಳ ಗೋಳವಿತ್ತು. ಶಾಲೆ ಹೊಸ ಕಟ್ಟಡಕ್ಕೆ ಹೋಗುವುದರಲ್ಲಿತ್ತು. ಗೋಳ ಜೊತೆಗೆ ಹೋಗಬೇಕೋ ಗುಜರಿಗೆ ಹೋಗಬೇಕೋ ಎಂಬುದನ್ನು ಶಾಲಾ ಸಮಿತಿ ತೀರ್ಮಾನಿಸಲಿತ್ತು.

ಇಂಥ ಗೋಳದ ಒಡಲು ಕಾಗದದ ರಟ್ಟು. ಅದರ ಮೇಲೆ ಪ್ಲಾಸ್ಟರಿನ ತೆಳು ಪದರ. ಅದಕ್ಕೆ ಕಿತ್ತಳೆ ತೊಳೆಯ ಆಕಾರದ ಮುದ್ರಿತ ಪಟ್ಟಿಗಳನ್ನು ಅಂಟಿಸಿ ವಾರ್ನಿಶ್ ಬಳಿದಿರುತ್ತಾರೆ. ಆ ಪಟ್ಟಿಗಳಿಗೆ ‘ಗೋರ್’ ಎನ್ನುತ್ತೇವೆ. ವಾರ್ನಿಶ್ ಸವೆದರೆ ನೀರು ನೇರವಾಗಿ ಕಾಗದಕ್ಕಿಳಿಯುತ್ತದೆ. ಈ ಗೋಳದಲ್ಲಿ ಗ್ರೀನ್‌ಲ್ಯಾಂಡ್ ಸ್ಪಷ್ಟವಾಗಿತ್ತು. ಪೆರುವಿನ ಬಂದರುಗಳ ಹೆಸರನ್ನೂ ಓದಬಹುದಿತ್ತು. ಭಾರತವಿರಬೇಕಾದ ಕಡೆ ಮಾತ್ರ ಅಂಗೈಯಗಲದ ಬೂದು ಕಲೆ.

ಕಾರಣವನ್ನು ಶರಣಮ್ಮನವರೇ ಹೇಳಿದರು. “ಆಯುಧ ಪೂಜಾಕ ನಮ್ಮ ದೇಶ ಮುಂದ ಮಾಡಿ ಇಟ್ಟು, ಅದಕ್ಕ ವಿಭೂತಿ, ಕುಂಕುಮ ಹಚ್ತೀವ್ರಿ. ಮರುದಿನ ಒದ್ದಿ ಅರಿವಿಲೆ ಒರಸ್ತೀವಿ. ಹಿಂದಿನೋರೂ ಹಂಗೇ ಮಾಡ್ತಿದ್ರು.”

ತಲೆಮಾರುಗಳ ಭಕ್ತಿಯೂ ಒದ್ದೆ ಬಟ್ಟೆಯೂ ಬಿದ್ದದ್ದು ಒಂದೇ ಜಾಗದ ಮೇಲೆ. ಯಾರೂ ಮುಟ್ಟದ ಪೆರು ಉಳಿದುಕೊಂಡಿತ್ತು.

ಒಣ ಕುಂಚದಿಂದ ಧೂಳು ತೆಗೆದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ಮಸಿ ಹೋಗಿದ್ದರೂ ಅಚ್ಚಿನ ಒತ್ತಡಕ್ಕೆ ಬಿದ್ದ ಗೆರೆಯೊಂದು ಪಶ್ಚಿಮದಿಂದ ಪೂರ್ವಕ್ಕೆ ಮಸುಕಾಗಿ ಕಾಣಿಸಿತು.

“ಇದು ನಮ್ಮ ಕೃಷ್ಣಾ ಏನ್ರಿ ಸರ್?” ಶರಣಮ್ಮನವರ ಬೆರಳು ಹತ್ತಿರ ಬಂದು ನಿಂತಿತು. “ಮುಟ್ಟಂಗಿಲ್ಲಲ್ರಿ?”

“ಹೌದು, ಆ ನದಿಯೇ ಇರಬೇಕು. ಮುಟ್ಟಬೇಡಿ,” ಎಂದೆ.

ಶಾಲಾ ಸಮಿತಿಯ ಸಭೆ ಸೇರಿತು. ಅದರ ಹಿರಿಯರು ವೀರಭದ್ರಪ್ಪ, ರಾಯಚೂರು ಮೂಲದ ವ್ಯಾಪಾರಿ. ಗೋಳವನ್ನೊಮ್ಮೆ ತಿರುಗಿಸಿ ನೋಡಿ ನಕ್ಕರು. “ದುನಿಯಾ ಎಲ್ಲಾ ಐತಿ, ನಾವೇ ಇಲ್ಲ! ನಮ್ಮನ್ನ ಯಾರು ಹೊರಗ ಹಾಕಿದ್ರಿ ಸರ್? ಪೇಂಟ್ ಮಾಡ್ರಿ, ಇಟ್ಕೊಂತೀವಿ. ಖಾಲಿ ಗೋಳ ಇಡಾಕ ಕಪಾಟ ಯಾಕ ಬೇಕು?”

ಆಧಾರವಿಲ್ಲದೆ ಎಳೆದ ಗೆರೆ ಸುಳ್ಳು ಸಾಕ್ಷಿಯಾಗುತ್ತದೆ, ಅಳಿದದ್ದೂ ಈ ಗೋಳದ ಚರಿತ್ರೆಯೇ ಎಂದು ವಾದಿಸಿದೆ.

“ಸುಳ್ಳು ಹೆಂಗ್ರಿ? ಇಂಡಿಯಾ ಇಲ್ಲೇನು?” ಎಂದರು ವೀರಭದ್ರಪ್ಪ.

ಸಭೆ ಗೊಳ್ಳೆಂದಿತು. ಶರಣಮ್ಮನವರು ಅಂಗಲಾಚಿ ತೀರ್ಮಾನಕ್ಕೆ ದಸರಾವರೆಗೆ ಗಡುವು ಪಡೆದರು. ಪಟ್ಟಿಗಳ ಬಿಟ್ಟುಕೊಂಡ ಅಂಚುಗಳನ್ನು ನಾನು ಅಂಟಿಸಿ, ನೀರು ತಾಗಿಸಬೇಡಿ ಎಂದು ಹೇಳಿ ಬಂದೆ.

ಹಬ್ಬ ಕಳೆದ ಮೇಲೆ ಹೋದಾಗ ಗೋಳ ಹೊಸ ಕಪಾಟಿನಲ್ಲಿತ್ತು. ಸಮಿತಿಯವರು ಗದ್ವಾಲಿನಿಂದ ಬೋರ್ಡು ಬರೆಯುವ ಪೇಂಟರನ್ನು ಕರೆಸಿ, ಎನಾಮಲ್ ಬಣ್ಣದಲ್ಲಿ ದಪ್ಪನೆಯ ಕೇಸರಿ ಭಾರತವನ್ನು ಬರೆಸಿದ್ದರು. ಒಣಗುತ್ತ ಬಿಗಿದ ಬಣ್ಣ ಕೆಳಗಿನ ಕಾಗದವನ್ನು ಎಳೆದಿತ್ತು. ಬಿರುಕು ಅರಬ್ಬೀ ಸಮುದ್ರವನ್ನು ದಾಟಿತ್ತು. ಬಣ್ಣವನ್ನು ಕರಗಿಸಲು ಹೊರಟರೆ ಕಾಗದವೂ ಕಿತ್ತುಬರುತ್ತಿತ್ತು. ನಾನು ಉಪಕರಣಗಳ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ.

ಶರಣಮ್ಮನವರು ಟಾರ್ಚನ್ನು ಓರೆಯಾಗಿ ಹಿಡಿದು ಹುಡುಕಿದರು. ಬಣ್ಣದ ಹೊಳಪಷ್ಟೇ ಕಣ್ಣಿಗೆ ಹೊಡೆಯಿತು.

“ಖಾಲಿ ಇದ್ದಾಗ ಕೃಷ್ಣಾ ಇತ್ರಿ ಸರ್. ಈಗ ಇಂಡಿಯಾ ಐತಿ, ಕೃಷ್ಣಾ ಇಲ್ಲ.”

ಖಾಲಿ ಜಾಗವನ್ನು ಖಾಲಿಯಾಗಿಯೇ ಕಾಯುವುದು ನನ್ನ ವೃತ್ತಿಯ ಅತಿ ಕಷ್ಟದ ಕೆಲಸ. ಅದು ಕೆಲಸವೆಂದು ಜನರನ್ನು ಒಪ್ಪಿಸುವುದು ಇನ್ನೂ ಕಷ್ಟ.

ನಿಮ್ಮೂರಿನ ಶಾಲೆಯಲ್ಲಿ ಹಳೆಯ ಗೋಳವಿದ್ದರೆ, ಬರುವ ಆಯುಧ ಪೂಜೆಗೆ ಹೂವನ್ನು ಅದರ ಪಕ್ಕದಲ್ಲಿಡಿ. ಕುಂಕುಮವನ್ನು ಅದನ್ನಿಟ್ಟ ಮೇಜಿಗೆ ಹಚ್ಚಿ. ಗೋಳವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದಕ್ಕೆ ಬಣ್ಣ ಬಳಿಸಬೇಡಿ.