ಕಂಬಗಳ್ಳಿಯ ಕಸಿಯಕ್ಕ

ಹಸಿರಿಲ್ಲದ ಕೆಂಪು, ಹಳದಿ ಗುಂಡುಗಳ್ಳಿಗಳು ತಮ್ಮ ಕಾಲ ಮೇಲೆ ತಾವು ಬದುಕಲಾರವು. ಕಂಬಗಳ್ಳಿಯ ಕುತ್ತಿಗೆ ಕೊಯ್ದು, ಆ ಕೊಯ್ದ ಜಾಗದಲ್ಲಿ ಅವನ್ನು ಕೂರಿಸಬೇಕು. ಕೆಳಗಿನದರ ನಡುವಿನ ಉಂಗುರಕ್ಕೆ ಮೇಲಿನದರ ಉಂಗುರ ತಾಗಬೇಕು. ರಬ್ಬರ್ ಬ್ಯಾಂಡು ಸಡಿಲಾದರೆ ಗುಂಡು ಜಾರುತ್ತದೆ, ಬಿಗಿಯಾದರೆ ಸೀಳುತ್ತದೆ. ನಮ್ಮ ನರ್ಸರಿಯಲ್ಲಿ ಈ ಕೆಲಸ ಮಾಡುತ್ತಿದ್ದವಳನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಕಸಿಯಕ್ಕ ಎಂದೇ ಕರೆಯುತ್ತಿದ್ದೆವು. ಕುಂಡಕ್ಕೆ ಮಣ್ಣು ತುಂಬುತ್ತ ಅವಳೆದುರು ಕೂತು ನಾನು, ಅವಳು ದೊಡ್ಡಪ್ಪ ಎನ್ನುವ ಮುದಿ ಆಳು, ಎಷ್ಟೋ ವರ್ಷ ಕಳೆದಿದ್ದೇನೆ. ಅವಳು ಕೂರಿಸಿದ್ದು ಜಾರಿದ್ದನ್ನು ಕಾಣೆ.

ನರ್ಸರಿ ಅವಳ ಗಂಡನ ಅಣ್ಣನದು. ಗಂಡ ತೀರಿಕೊಂಡ ಮೇಲೆ ಈ ಭಾವ ಹಿಂಬದಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಕೊಟ್ಟ. "ನಮ್ಮನೆ ಹೆಣ್ಣುಮಗಳನ್ನ ಬೀದಿಗೆ ಬಿಡಕ್ಕಾಗುತ್ತಾ?" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುವನು. ಕೊಟ್ಟ ಕೋಣೆಯನ್ನು ಊರಿಗೆಲ್ಲ ಸಾರಿದ; ಅವಳ ಕೈ ಓಡುವುದರಿಂದಲೇ ತನ್ನ ಅಂಗಡಿ ಓಡುತ್ತಿದೆ ಎಂಬುದನ್ನು ಮಾತ್ರ ನುಂಗಿಕೊಂಡ. ಅವಳು ಒಂದು ವಾರ ಜ್ವರ ಬಂದು ಮಲಗಿದರೂ "ಎದ್ದಳಾ?" ಎಂದು ಕೇಳಿ ಕಳಿಸುವನೇ ಹೊರತು "ಹೇಗಿದ್ದಾಳೆ?" ಎಂದಲ್ಲ.

ಅವಳಿಗೆ ಆ ಹಂಗು ಸಾಕಾಗಿತ್ತು. ಎರಡು ಬೀದಿ ಆಚೆ ಒಬ್ಬ ಟೈಲರ್ ಅಜ್ಜಿಯ ಹಿತ್ತಲೂ ಅಲ್ಲೊಂದು ಕೋಣೆಯೂ ಖಾಲಿ ಬಿದ್ದಿದ್ದವು. "ನಿನ್ನ ಗಿಡ ನೀನು ಇಟ್ಕೊ ಮಗಳೇ, ನನಗೆ ನೋಡಕ್ಕೆ ಒಂದಿಷ್ಟು ಹಸಿರಾಗುತ್ತೆ" ಎಂದು ಅಜ್ಜಿ ಒಪ್ಪಿದ್ದಳು. ಸ್ವಂತ ಕಸಿ ಕೆಲಸ ಶುರುಮಾಡಲು ಬೇಕಾದದ್ದು ಕಂಬಗಳ್ಳಿ. ಕಸಿಗೆಂದು ಕೊಯ್ದು ಎಸೆದ ಅದರ ತಲೆಗಳು ನರ್ಸರಿಯಲ್ಲಿ ರಾಶಿ ಬಿದ್ದಿದ್ದವು.

"ಭಾವ, ಈ ತಲೆಗಳನ್ನ ನಾನು ತಗೊಳ್ಳಲಾ?"

"ಎಲ್ಲಾನೂ ಬೇಡ. ಒಂದಿಷ್ಟು ತಗೋ."

ತಿಪ್ಪೆಗೆ ಹೋಗುವುದರಲ್ಲಿ ಇವನಿಗೇಕೆ ಪಾಲು ಎಂದು ನನಗೆ ಆಗಲೇ ಅನ್ನಿಸಿತು. ಕೆಲವು ಹುಡುಗರು ಹಿಂದಿನ ಗೇಟಿಗೆ ಬಂದು ಭಾವನಿಗೆ ದುಡ್ಡು ಕೊಟ್ಟು ಚೀಲದಲ್ಲಿ ಏನನ್ನೋ ಒಯ್ಯುವುದನ್ನು ಅವಳೂ ಕಂಡಿದ್ದಳು, ನಾನೂ ಕಂಡಿದ್ದೆ. ಕೇಳಲಿಲ್ಲ. ಅನ್ನದ ಮಾತು, ಬಾಯಿ ಕಟ್ಟುತ್ತದೆ.

ಅವಳು ತಲೆಗಳನ್ನು ಗೇಣುದ್ದ ತುಂಡು ಮಾಡಿ, ತನ್ನ ಕೋಣೆಯ ಹಲಗೆಗಳ ಮೇಲೆ ಹಳೆ ಪೇಪರ್ ಹಾಸಿ ಒಣಗಲು ನಿಲ್ಲಿಸಿದಳು. ಕಳ್ಳಿಯ ಹಸಿ ಗಾಯಕ್ಕೆ ಮಣ್ಣು ತಾಗಿದರೆ ಕೊಳೆಯುತ್ತದೆ. ಹಕ್ಕಳೆಗಟ್ಟಿದ ಮೇಲೆಯೇ ನೆಡುವುದು. ಅದಕ್ಕೆ ನೆರಳು ಬೇಕು, ತೇವವಿಲ್ಲದ ಜಾಗ ಬೇಕು, ಹಲವು ದಿನ ಬೇಕು.

ಆದರೆ ಆ ಕಂಬಗಳ್ಳಿಯ ಮೈಯಲ್ಲಿ ಇನ್ನೊಂದು ಗುಣವಿದೆ. ದೂರದ ಖಂಡದ ಬೆಟ್ಟಗಳಿಂದ ಬಂದ ಗಿಡವದು. ಅದರ ಹಸಿರು ತೊಗಲಿನೊಳಗೆ ಮೆಸ್ಕಲಿನ್ ಎಂಬ ಸತ್ವ ಕೂತಿರುತ್ತದೆ. ಪೆಯೋಟೆ ಎಂಬ, ಮುಳ್ಳಿಲ್ಲದ ಗುಂಡಿಯಂಥ ಪುಟ್ಟ ಕಳ್ಳಿಯಲ್ಲಿ ಅದೇ ಸತ್ವ ಇನ್ನೂ ಗಟ್ಟಿ. ಅಲ್ಲಿಯ ಜನ ತಲೆತಲಾಂತರದಿಂದ ಅದನ್ನು ಪೂಜೆಗೆ, ಮದ್ದಿಗೆ ಬಳಸಿದವರು. ಅದರ ಅಂಕೆ ಅವರಿಗೆ ಗೊತ್ತು. ಅಂಕೆ ಗೊತ್ತಿಲ್ಲದವನು ಕುದಿಸಿ ಕುಡಿದರೆ ಮೊದಲು ಕರುಳು ಕಿತ್ತು ಬರುವಂಥ ವಾಂತಿ, ಆಮೇಲೆ ಗೋಡೆಗೆ ಬಣ್ಣ ಹತ್ತಿ ಉಸಿರಾಡುತ್ತದಂತೆ, ಹೊತ್ತು ಮುಂದೆ ಸಾಗುವುದಿಲ್ಲವಂತೆ. ಹಾಗೆ ಕುಡಿದ ಒಬ್ಬ ಕಾಲೇಜು ಹುಡುಗ ಹಾಡುಹಗಲೇ ಬಟ್ಟೆ ಕಿತ್ತೆಸೆದು ಬಸ್ಸಿಗೆ ಅಡ್ಡ ಓಡಿ ಆಸ್ಪತ್ರೆ ಸೇರಿದ. ಎಲ್ಲಿಂದ ತಂದೆ ಎಂದು ಪೊಲೀಸರು ಕೇಳಿದರೆ ನಮ್ಮ ನರ್ಸರಿಯ ಹೆಸರು ಹೇಳಿದ.

ಇಲ್ಲಿಯ ಕಾನೂನಿಗೆ ಕುಂಡದಲ್ಲಿ ನಿಂತ ಕಳ್ಳಿ ಅಲಂಕಾರ. ಕೊಯ್ದು ಒಣಗಿಸಿದರೆ ಅದೇ ಅಮಲು ಪದಾರ್ಥ. ಇನ್ಸ್‌ಪೆಕ್ಟರ್ ಬಂದಾಗ ಭಾವನೇ ಮುಂದಾಗಿ ಅವಳ ಕೋಣೆಯ ಬಾಗಿಲು ತೆಗೆದ.

"ಏನಮ್ಮಾ ಇದೆಲ್ಲಾ?"

"ಕಳ್ಳಿ ತುಂಡು ಸಾರ್."

"ಕತ್ತಲೆ ಕೋಣೇಲಿ ಯಾಕೆ ಒಣಗಿಸ್ತಿದ್ದೀಯಾ?"

"ಗಾಯ ಮಾಯಲಿ ಅಂತ ಸಾರ್."

ಜೊತೆಗೆ ಬಂದ ಪೇದೆ ಕಿಸಕ್ಕನೆ ನಕ್ಕ. "ಗಾಯಕ್ಕೆ ಬ್ಯಾಂಡೇಜು ಕಟ್ಟಿಲ್ವಾ?"

"ನಮ್ಮ ಕಸುಬಲ್ಲಿ ಎಲ್ಲಾರೂ ಹೀಗೇ ಒಣಗ್ಸೋದು ಸಾರ್. ಭಾವನ್ನೇ ಕೇಳಿ."

ಇನ್ಸ್‌ಪೆಕ್ಟರ್ ತಿರುಗಿ ನೋಡಿದ. ಭಾವ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. "ನನಗೇನು ಗೊತ್ತು ಸಾರ್. ಅವಳ ಕೋಣೆ, ಅವಳ ವ್ಯವಹಾರ."

ಒಣಗಿಸಿದ್ದು ತಾನೇ ಎಂದು ಅವಳೇ ಒಪ್ಪಿಕೊಂಡಂತಾಯಿತು. ಬಿಡಿಸಿಕೊಳ್ಳಲು ಆಡಿದ ಒಂದೊಂದು ಮಾತೂ ಗಂಟನ್ನು ಬಿಗಿ ಮಾಡಿತು. ತುಂಡುಗಳ ಜೊತೆ ಕಸಿಯ ಚಾಕುವನ್ನೂ ಕಟ್ಟಿಕೊಂಡು ಅವಳನ್ನು ಜೀಪಿಗೆ ಹತ್ತಿಸಿದರು.

ನಾನು ಠಾಣೆಗೆ ಹೋಗಿ ಕಂಬಿಯ ಈಚೆ ಕೂತೆ. "ಹಿಂದಿನ ಗೇಟಿನ ವಿಷಯ ಹೇಳಿಬಿಡು ತಾಯಿ. ನಾನೂ ಸಾಕ್ಷಿ ಹೇಳ್ತೀನಿ."

"ಹೇಳಿದ್ರೆ ಭಾವನೂ ಒಳಗೆ ಬರ್ತಾರೆ ದೊಡ್ಡಪ್ಪ. ಆಗ ಜಾಮೀನಿಗೆ ಯಾರು ನಿಲ್ತಾರೆ? ಆಸ್ತಿ ಇದ್ದೋರೇ ಬೇಕಂತೆ. ನಿನ್ನ ಹೆಸರಲ್ಲಿ ಏನಿದೆ?"

"ಉಗುರಲ್ಲಿ ಮೆತ್ಕೊಂಡಿರೋ ಮಣ್ಣು."

ಅವಳು ನಕ್ಕಳು. ಆಮೇಲೆ ಕಂಬಿಗೆ ಹಣೆಯಿಟ್ಟಳು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನುಂಗಿದಳು.

ಭಾವ ಜಾಮೀನಿಗೆ ನಿಂತ. ಕೋರ್ಟು ಹಾಕಿದ ಷರತ್ತು ಒಂದೇ: ಕೇಸು ಮುಗಿಯುವವರೆಗೆ ಅವಳು ಜಾಮೀನುದಾರನ ವಿಳಾಸದಲ್ಲೇ ಇರಬೇಕು. ಕೇಸು ಯಾವಾಗ ಮುಗಿಯುತ್ತದೆ ಎಂದು ವಕೀಲರನ್ನು ಕೇಳಿದೆ. ವರ್ಷಗಳೇ ಹಿಡಿಯಬಹುದು ಎಂದು ಅವರು ಮುಂದಿನ ಫೈಲು ತೆಗೆದರು.

ಟೈಲರ್ ಅಜ್ಜಿ ಬಂದು ಬಾಗಿಲಲ್ಲೇ ನಿಂತಳು. "ಎಷ್ಟು ದಿನ ಅಂತ ಕಾಯ್ಲಿ ಮಗಳೇ? ಸೈಕಲ್ ರಿಪೇರಿಯವನು ಹಿತ್ತಲು ಕೇಳ್ತಿದ್ದಾನೆ."

"ಕೊಟ್ಬಿಡಜ್ಜಿ."

ಮರುದಿನ ಬೆಳಿಗ್ಗೆ ಭಾವ ಹೊಸ ಚಾಕು ತಂದು ಕಸಿಯ ಮೇಜಿನ ಮೇಲಿಟ್ಟ. "ಆರ್ಡರ್ ತುಂಬಾ ಬಾಕಿ ಇದೆ. ಆಗಿದ್ದು ಆಗೋಯ್ತು. ನಾನಿಲ್ವಾ?"

ಅವಳು ಚಾಕು ಮುಟ್ಟಲಿಲ್ಲ. "ಹಿಂದಿನ ಗೇಟಿನ ಬೀಗದ ಕೈ ಕೊಡಿ ಭಾವ."

"ನಿನಗ್ಯಾಕೆ ಅದು?"

"ನಾನು ಇನ್ನೂ ಠಾಣೆಗೆ ಹೇಳಿಕೆ ಕೊಟ್ಟು ಮುಗಿಸಿಲ್ಲ."

ಭಾವನ ಮುಖ ಸುಣ್ಣವಾಯಿತು. ನನ್ನತ್ತ ನೋಡಿದ, ನಾನು ಮಣ್ಣು ಕಲಸುತ್ತಿದ್ದೆ. ಸೊಂಟದ ಗೊಂಚಲಿನಿಂದ ಬೀಗದ ಕೈ ಬಿಡಿಸಿ ಮೇಜಿನ ಮೇಲೆ ಎಸೆದ.

ಅವಳು ಹೋಗಿ ಗೇಟಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದಳು. ಆಚೆ ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಸ್ವಲ್ಪ ಹೊತ್ತು ಸರಳು ಹಿಡಿದು ಅವರನ್ನೇ ನೋಡುತ್ತ ನಿಂತಳು. ಆಮೇಲೆ ಬಂದು ಮೇಜಿಗೆ ಕೂತು, "ಕುಂಡ ಕೊಡು ದೊಡ್ಡಪ್ಪ" ಎಂದಳು.