ಕಿಟಕಿಯ ಕೆಳಗಿನ ನೀರು

ಬೆಳಗಿನ ಆರು ಗಂಟೆ ಹತ್ತು ನಿಮಿಷ. ಹೊರಗೆ ಇನ್ನೂ ಕತ್ತಲು, ಅಂಗಳದ ತೊಟ್ಟಿಯ ನೀರಿನ ಮೇಲೆ ಬೆರಳು ದಪ್ಪದ ಮಂಜುಗಡ್ಡೆ. ಉಲಾನ್ ಹುದಗ್ ಎಂಬ ಹುಲ್ಲುಗಾವಲಿನ ಊರಿನ ಶಾಲೆಯ ಹಾಸ್ಟೆಲಿನಲ್ಲಿ ಹೊರ್ಲೋ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ನೆಲ ಒರೆಸುವ ಬಟ್ಟೆ ಹಿಡಿದು ಒಂದನೇ ತರಗತಿಯ ಮಕ್ಕಳು ಮಲಗುವ ಕೋಣೆಯ ಬಾಗಿಲು ತಳ್ಳುತ್ತಾರೆ. ಹನ್ನೆರಡು ಮಂಚ. ಅವರು ಮೊದಲು ನೋಡುವುದು ಮಂಚಗಳನ್ನಲ್ಲ, ಎದುರು ಗೋಡೆಯ ಕಿಟಕಿಯ ಕೆಳಗಿನ ನೆಲವನ್ನು. ಶಾಲೆ ಶುರುವಾಗಿ ಆರು ವಾರ ಕಳೆದಿದೆ. ಹೆಚ್ಚುಕಡಿಮೆ ಪ್ರತಿ ಬೆಳಗ್ಗೆ ಅಲ್ಲಿ ನೀರು ನಿಂತಿರುತ್ತದೆ. ಹಾಸಿಗೆಗಳು ಒಣಗಿಯೇ ಇರುತ್ತವೆ. ಒದ್ದೆಯಾಗುವುದು ನೆಲ, ಅದೂ ಅದೇ ಜಾಗದಲ್ಲಿ.

ಈ ಸೋಮವಾರ ಆ ನೀರಿನಲ್ಲಿ ಒಬ್ಬಳು ನಿಂತಿದ್ದಾಳೆ. ಹೆಸರು ಸೊಲೊಂಗೊ, ವಯಸ್ಸು ಆರು. ಕಣ್ಣು ಮುಚ್ಚಿದೆ. ಹಣೆ ಗೋಡೆಗೆ ತಾಗಿದೆ, ಎರಡೂ ಅಂಗೈ ಗೋಡೆಯನ್ನು ಸವರುತ್ತಿವೆ. ನಡುನಡುವೆ ಭುಜ ಕೊಟ್ಟು ಗೋಡೆಯನ್ನು ತಳ್ಳುತ್ತಾಳೆ.

"ಏನ್ ಹುಡುಕ್ತಿದೀಯ ಪುಟ್ಟಾ?" ಹೊರ್ಲೋ ಮೆಲ್ಲಗೆ ಕೇಳುತ್ತಾರೆ.

"ಬಾಗ್ಲು," ಎನ್ನುತ್ತಾಳೆ ಹುಡುಗಿ, ಕಣ್ಣು ಬಿಡದೆಯೇ. "ಯಾರೋ ಬಾಗ್ಲು ತಗೊಂಡ್ಹೋಗಿದಾರೆ."

ಹೊರ್ಲೋ ಅವಳ ಬಟ್ಟೆ ಬದಲಿಸಿ, ಮಲಗಿಸಿ, ಉಳಿದವರು ಏಳುವ ಮೊದಲು ನೆಲ ಒರೆಸಿ ಮುಗಿಸುತ್ತಾರೆ. ಯಾರದ್ದು ಎಂದು ಅವರು ಯಾರನ್ನೂ ಕೇಳುವುದಿಲ್ಲ. ಆದರೂ ಮಕ್ಕಳಿಗೆ ಗೊತ್ತಾಗುತ್ತದೆ. ಒಮ್ಮೆ ಸಿಕ್ಕಿಬಿದ್ದವಳು ಸೊಲೊಂಗೊ ಒಬ್ಬಳೇ, ಹಾಗಾಗಿ ಹನ್ನೆರಡು ಜನರ ನೀರೂ ಅವಳದ್ದೇ ಆಗಿದೆ. ಊಟದ ಸಾಲಿನಲ್ಲಿ ಅವಳು ಬಂದರೆ "ಕೆರೆ ಬಂತು, ಬೂಟ್ ಎತ್ಕೊಳ್ಳಿ" ಎಂದು ಕೂಗುತ್ತಾರೆ.

ಹೊರ್ಲೋಗೆ ಈಗ ಐವತ್ತೆರಡು. ಮೂವತ್ತೈದರವರೆಗೆ ಕುರಿ, ಮೇಕೆ, ಯಾಕ್‌ಗಳ ಹಿಂದೆ ತಿರುಗಿದವರು. ಗಂಡನ ಬೆನ್ನುಮೂಳೆ ಕೆಟ್ಟ ಮೇಲೆ ಹಿಂಡನ್ನು ಮೈದುನನಿಗೆ ಬಿಟ್ಟು ಊರಿನ ನಡುವೆ ಬಂದು ಸೇರಿದರು. ಹದಿನೇಳು ವರ್ಷದಿಂದ ಇದೇ ಕೆಲಸ. ಕಾಗದದಲ್ಲಿ ಅವರ ಹುದ್ದೆಗೆ ಉದ್ದದ ಹೆಸರಿದೆ, ಮಕ್ಕಳ ಬಾಯಲ್ಲಿ ಅವರು ಹೊರ್ಲೋ ಅಕ್ಕ. ದೂರದ ಹಿಂಡುಮನೆಗಳಿಂದ ಭಾನುವಾರ ಸಂಜೆ ಬರುವ ಮಕ್ಕಳು ಶುಕ್ರವಾರ ಮಧ್ಯಾಹ್ನ ಹೋಗುವವರೆಗೆ ಹೊರ್ಲೋಗೆ ಮನೆ ಎಂದರೆ ಕಾರಿಡಾರಿನ ಕೊನೆಯ ಚಿಕ್ಕ ಕೋಣೆ. ದಿನಕ್ಕೆ ಇಪ್ಪತ್ನಾಲ್ಕು ಬೂಟು, ಇಪ್ಪತ್ನಾಲ್ಕು ಉಣ್ಣೆ ಕಾಲುಚೀಲ, ಏಳು ಹುಡುಗಿಯರ ಹದಿನಾಲ್ಕು ಜಡೆ. ಬುಧವಾರ ತಲೆಸ್ನಾನ ಮತ್ತು ಹೇನು, ಗುರುವಾರ ಉಗುರು. ಭಾನುವಾರ ಬಂದಾಗ ಮಕ್ಕಳ ಮೈಯಿಂದ ಬೆರಣಿ ಹೊಗೆಯ ವಾಸನೆ ಬರುತ್ತದೆ, ಗುರುವಾರದ ಹೊತ್ತಿಗೆ ಸೋಪಿನದು. "ಆ ವಾಸನೆ ಹೋದ ದಿನಾನೇ ಜಾಸ್ತಿ ಅಳ್ತವೆ," ಎನ್ನುತ್ತಾರೆ ಹೊರ್ಲೋ. "ಯಾಕೋ ಗೊತ್ತಿಲ್ಲ. ನಾನು ನೋಡಿರೋದು ಹೇಳ್ದೆ, ಅಷ್ಟೆ."

ಕಿಟಕಿಯ ಕೆಳಗಿನ ನೀರಿಗೆ ಹಾಸ್ಟೆಲಿನಲ್ಲಿ ಎಲ್ಲರೂ ಒಂದೊಂದು ಕಾರಣ ಹೇಳಿದ್ದರು. ಅಡುಗೆಯವಳಿಗೆ ಅದು ರಾತ್ರಿ ಸೂಪು ಜಾಸ್ತಿಯಾದದ್ದು. ಮುಖ್ಯೋಪಾಧ್ಯಾಯ ಗನ್‌ಸುಖ್ ಅವರಿಗೆ ಅದು ಅಶಿಸ್ತು. ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಡೆಂಡೆವ್ ಮಾತ್ರ ಮೂರು ಸಲ ಸ್ಪ್ಯಾನರ್ ತಂದು, ಕಿಟಕಿಯ ಕೆಳಗೆ ಹಾದುಹೋಗುವ ಬಿಸಿನೀರಿನ ಕೊಳವೆಯನ್ನು ಉದ್ದಕ್ಕೂ ಮುಟ್ಟಿ ನೋಡಿದ. ಮೂರನೆಯ ಸಲ ಬೆರಳು ಮೂಸಿ ಎದ್ದು ನಿಂತ. "ಅಕ್ಕಾ, ಪೈಪ್ ಸೋರ್ತಿಲ್ಲ. ಸೋರ್ತಿರೋದಕ್ಕೆ ನನ್ ಹತ್ರ ಸ್ಪ್ಯಾನರ್ ಇಲ್ಲ."

ಇದೆಲ್ಲ ನಗುವ ಮಾತು. ನಗು ಬಾರದ ಮಾತನ್ನು ಸೊಲೊಂಗೊಳ ಅಪ್ಪ ಬ್ಯಾಂಬಾ ಭಾನುವಾರ ಸಂಜೆ ಮಗಳನ್ನು ಇಳಿಸುವಾಗ ಹೇಳಿ ಹೋಗಿದ್ದಾನೆ. "ಮನೇಲಿ ಎರಡು ವರ್ಷ ಆಯ್ತು ಅಕ್ಕಾ ಇವ್ಳು ಒದ್ದೆ ಮಾಡಿ. ಇಲ್ಲಿ ವಾರಾ ವಾರಾ ಚೀಲದ ತುಂಬಾ ಒದ್ದೆ ಚಡ್ಡಿ. ಇನ್ನೂ ಎಳೇದು ಅಂತ ಕಾಣತ್ತೆ. ಈ ಶುಕ್ರವಾರಾನೂ ಹಿಂಗೇ ಇದ್ರೆ ಹಾಸಿಗೆ ಸಮೇತ ಕರ್ಕೊಂಡು ಹೋಗ್ತೀನಿ. ಮುಂದಿನ್ ವರ್ಷ ನೋಡೋಣ."

ಮುಂದಿನ ವರ್ಷ ಎಂಬ ಮಾತು ಹೊರ್ಲೋಗೆ ಹೊಸದಲ್ಲ. ಹಾಗೆ ಹೋದವರಲ್ಲಿ ಕೆಲವರು ಬಂದಿದ್ದಾರೆ, ಕೆಲವರು ಬಂದಿಲ್ಲ. ಎಂಟು ವರ್ಷದವಳಿಗೆ ಆರು ವರ್ಷದವರ ಪಕ್ಕ ಕೂರಲು ನಾಚಿಕೆ, ಒಂಬತ್ತಾದರೆ ಮನೆಯಲ್ಲಿ ಕೆಲಸಕ್ಕೆ ಬೇಕು. "ಹಾಗೆ ಹೋದೋಳು ಒಬ್ಳು ಈಗ ಇಪ್ಪತ್ತೆರಡಾಗಿದಾಳೆ. ಓದೋಕ್ ಬರಲ್ಲ, ಅಂಗಡೀಲಿ ಉಪ್ಪಿನ ಪೊಟ್ಟಣ ಯಾವ್ದು ಸೋಡಾ ಪೊಟ್ಟಣ ಯಾವ್ದು ಅಂತ ಕೇಳ್ತಾಳೆ. ಕುದುರೆ ಮಾತ್ರ ನಮ್ಮೂರಲ್ಲಿ ಅವಳಷ್ಟು ಚೆನ್ನಾಗಿ ಯಾರೂ ಓಡ್ಸಲ್ಲ."

ಸೋಮವಾರ ಮಕ್ಕಳೆಲ್ಲ ತರಗತಿಗೆ ಹೋದ ಮೇಲೆ ಹೊರ್ಲೋ ಒಂದು ವಿಚಿತ್ರ ಕೆಲಸ ಮಾಡುತ್ತಾರೆ. ಸೊಲೊಂಗೊಳ ಮಂಚದಲ್ಲಿ ಮಂಡಿ ಮಡಚಿ ಮಲಗಿ, ಕಣ್ಣು ಮುಚ್ಚಿ, ನಿದ್ದೆ ಹತ್ತುವವರೆಗೆ ಕಾಯುತ್ತಾರೆ. ಆಮೇಲೆ ಅಡುಗೆಯವಳು ಪಾತ್ರೆ ಬೀಳಿಸಿದ ಸದ್ದಿಗೆ ದಡಬಡಿಸಿ ಎದ್ದು ನಡೆಯುತ್ತಾರೆ. "ಎಲ್ಲಿಗ್ ಹೋದೆ ಗೊತ್ತಾ? ಕಿಟಕಿಗೆ. ಹದಿನೇಳು ವರ್ಷದಿಂದ ಈ ಬಾಗ್ಲು ತೆಗ್ದು ಹಾಕಿ ಮಾಡ್ತಿರೋಳು ನಾನು. ನನ್ ಕಾಲೇ ಕಿಟಕಿಗ್ ಹೋಯ್ತು."

ಹುಲ್ಲುಗಾವಲಿನಲ್ಲಿ ಗೆರ್ ಎನ್ನುವ ದುಂಡನೆಯ ಕಂಬಳಿ ಮನೆಗೆ ಇರುವುದು ಒಂದೇ ಬಾಗಿಲು, ಅದು ಯಾವಾಗಲೂ ದಕ್ಷಿಣಕ್ಕೆ. ಮಲಗುವಾಗ ತಲೆ ಉತ್ತರಕ್ಕೆ, ದೇವರ ಪೆಟ್ಟಿಗೆಯ ಕಡೆ. ಕಾಲು ಬಾಗಿಲ ಕಡೆ. ವರ್ಷಕ್ಕೆ ನಾಲ್ಕು ಸಲ ಮನೆ ಬಿಚ್ಚಿ ಬೇರೆ ಕಣಿವೆಯಲ್ಲಿ ಕಟ್ಟಿದರೂ ಈ ಲೆಕ್ಕ ತಪ್ಪುವುದಿಲ್ಲ. ಮಗು ಕಣ್ಣು ಬಿಡದೆ ಎದ್ದು ಕಾಲು ಚಾಚಿದ ಕಡೆ ನಡೆದರೆ ಸಾಕು, ಬಾಗಿಲು, ಬಾಗಿಲಾಚೆ ಬಯಲು. ಹಾಸ್ಟೆಲಿನಲ್ಲಿ ಕಾರಿಡಾರು ಮಧ್ಯದಲ್ಲಿದೆ, ಎರಡೂ ಕಡೆ ಕೋಣೆಗಳು. ಚಿಕ್ಕವರಿಗೆ ಚಳಿಯಾಗಬಾರದೆಂದು ಬಿಸಿಲು ಬೀಳುವ ದಕ್ಷಿಣದ ಸಾಲಿನ ಕೋಣೆ ಕೊಟ್ಟಿದ್ದಾರೆ. ಆ ಕೋಣೆಯಲ್ಲಿ ದಕ್ಷಿಣಕ್ಕಿರುವುದು ಕಿಟಕಿ. ಬಾಗಿಲು ತಲೆಯ ಹಿಂದೆ, ಉತ್ತರಕ್ಕೆ.

"ಪ್ರೀತಿಯಿಂದ ಕೊಟ್ಟ ಕೋಣೆ. ಮಕ್ಳಿಗೆ ಅದ್ರಲ್ಲಿ ಬಾಗ್ಲೇ ಇಲ್ಲ," ಎನ್ನುತ್ತಾರೆ ಹೊರ್ಲೋ.

ಮಂಗಳವಾರ ಅವರು ಹನ್ನೆರಡೂ ಮಂಚಗಳನ್ನು ತಿರುಗಿಸುತ್ತಾರೆ, ಕಾಲು ಬಾಗಿಲ ಕಡೆ ಬರುವಂತೆ. ಸುಲಭದ ದಾರಿ. ಅದು ಮೂರು ತಾಸೂ ಬಾಳುವುದಿಲ್ಲ. ಮಗನಿಗೆ ಒಣಮೊಸರಿನ ಚೀಲ ಕೊಡಲು ಬಂದ ತಾಯಿಯೊಬ್ಬಳು ಹೊಸ್ತಿಲಲ್ಲೇ ಬಾಯಿ ಮಾಡುತ್ತಾಳೆ. "ಅಯ್ಯೋ, ನನ್ ಮಗನ ಕಾಲು ಉತ್ತರಕ್ಕಾ? ದೇವ್ರ ಮುಖಕ್ಕೆ ಒದೀತಾ ಮಲಗ್ಲಿ ಅಂತಾನಾ ಅಕ್ಕಾ? ಹಿಂಡು ಬಿಟ್ಟು ಬಂದೋರಿಗೆ ದಿಕ್ಕೂ ಮರ್ತೋಗತ್ತಾ?"

ಹೊರ್ಲೋ ಮಂಚಗಳನ್ನು ಮತ್ತೆ ಮೊದಲಿನಂತೆ ತಿರುಗಿಸುತ್ತಾರೆ. "ಅವ್ಳು ಹೇಳಿದ್ದು ಸರಿ. ಕೈ ಮಾಡ್ತಿತ್ತು, ಮನಸ್ಸು ಬೇಡ ಅಂತಿತ್ತು."

ಮಂಚ ತಿರುಗಿಸುವಂತಿಲ್ಲ, ಗೋಡೆ ಒಡೆಯುವಂತಿಲ್ಲ. ಉಳಿದದ್ದು ಕೋಣೆ ಬದಲಿಸುವುದು. ಕಾರಿಡಾರಿನ ಎದುರು ಬದಿಯ ಕೋಣೆಗಳ ಬಾಗಿಲುಗಳು ದಕ್ಷಿಣಕ್ಕೇ ಇವೆ. ಆದರೆ ಅವು ಬಿಸಿಲು ಕಾಣದ ತಣ್ಣನೆಯ ಕೋಣೆಗಳು, ಎಂಟನೇ ತರಗತಿಯ ಹುಡುಗರಿಗೆ ಮೀಸಲು. ಬುಧವಾರ ಬೆಳಗ್ಗೆ ಹೊರ್ಲೋ ಮುಖ್ಯೋಪಾಧ್ಯಾಯರ ಮುಂದೆ ನಿಲ್ಲುತ್ತಾರೆ. ಅವರಿಗಿಂತ ಗನ್‌ಸುಖ್ ಏಳು ವರ್ಷ ಚಿಕ್ಕವರು. ಹೊರ್ಲೋ ಮಾತು ಶುರುಮಾಡುವ ಮೊದಲು ಅವರೇ ಒಂದು ಬಟ್ಟಲು ಚಹಾ ಕೊಡುತ್ತಾರೆ, ಮಾತು ಮುಗಿದ ಮೇಲೆ ತಲೆ ಅಲ್ಲಾಡಿಸುತ್ತಾರೆ.

"ಹೊರ್ಲೋ ಅಕ್ಕ, ಚಿಕ್ಕವರು ಬಿಸಿಲಿನ ಬದಿ ಅಂತ ನಿಯಮ ಗೋಡೆ ಮೇಲೆ ಅಂಟ್ಸಿದೀನಿ. ತಪಾಸಣೆಯೋರು ಬಂದ್ರೆ ಥರ್ಮಾಮೀಟರ್ ನೋಡ್ತಾರೆ, ಬಾಗ್ಲು ಯಾವ್ ಕಡೆ ಅಂತ ನೋಡಲ್ಲ."

"ಎರಡು ರಾತ್ರಿ ಕೊಡಿ ಮೇಷ್ಟ್ರೇ. ಶುಕ್ರವಾರ ಬ್ಯಾಂಬಾ ಬರ್ತಾನೆ."

"ಹದಿನೆಂಟು ಡಿಗ್ರಿ ಇರ್ಬೇಕು. ಇಲ್ಲಾಂದ್ರೆ ಶುಕ್ರವಾರಾನೇ ವಾಪಸ್."

ದೊಡ್ಡ ಹುಡುಗರು ಕುಣಿಯುತ್ತ ಮಂಚ ಹೊರುತ್ತಾರೆ. ಬಿಸಿಲಿನ ಕೋಣೆ ಯಾರಿಗೆ ಬೇಡ? "ಅಕ್ಕಾ, ನಾವೂ ರಾತ್ರಿ ಕಿಟಕಿ ಹತ್ರ ಹೋಗ್ಬೋದಾ?" ಎಂದು ಒಬ್ಬ ಕೆಣಕುತ್ತಾನೆ. "ಹೋಗಪ್ಪಾ, ಬೆಳಗ್ಗೆ ಆ ನಿನ್ನ ನಾಲ್ಕು ಕೂದಲ ಮೀಸೆಯಿಂದಾನೇ ಒರೆಸ್ತೀನಿ," ಎನ್ನುತ್ತಾರೆ ಹೊರ್ಲೋ. ಡೆಂಡೆವ್ ಆ ಬದಿಯ ಕೊಳವೆಗೆ ಬಿಸಿನೀರು ಹೆಚ್ಚು ಬಿಡುತ್ತಾನೆ. ಕಿಟಕಿಯ ಸಂದುಗಳಿಗೆ ಹೊರ್ಲೋ ಹಳೆಯ ಕಂಬಳಿಯ ಚೂರು ತುರುಕುತ್ತಾರೆ.

ಗುರುವಾರ, ಆರು ಹತ್ತು. ಟಾರ್ಚಿನ ಬೆಳಕು ಕೋಣೆಯ ನೆಲದ ಮೇಲೆ ಮೂಲೆಮೂಲೆಗೂ ಹರಿಯುತ್ತದೆ. ಒಣಗಿದೆ. ಹೊರ್ಲೋ ಕಿಟಕಿಯ ಕೆಳಗೆ ಬಗ್ಗಿ ಅಂಗೈ ಇಟ್ಟು ನೋಡುತ್ತಾರೆ. ಒಣಗಿಯೇ ಇದೆ. ಖುಷಿಯಿಂದ ಹೊರಗೆ ಬಂದವರ ಉಣ್ಣೆ ಕಾಲುಚೀಲ ಪಚಕ್ ಎನ್ನುತ್ತದೆ.

ನೀರು ಕಾರಿಡಾರಿನಲ್ಲಿದೆ. ಹೊಸ್ತಿಲಿನಿಂದ ಸರಿಯಾಗಿ ಮೂರು ಹೆಜ್ಜೆ ಆಚೆ, ತಪಾಸಣೆಗೆಂದು ಗನ್‌ಸುಖ್ ಹಾಸಿಸಿದ್ದ ಕೆಂಪು ಜಮಖಾನದ ಮೇಲೆ. ಗೆರ್‌ನ ಬಾಗಿಲು ದಾಟಿದರೆ ಬಯಲು. ಇಲ್ಲಿ ಬಾಗಿಲು ದಾಟಿದರೆ ಕಾರಿಡಾರು ಎಂದು ನಿದ್ದೆಯಲ್ಲಿದ್ದವರಿಗೆ ಹೇಳಿದವರು ಯಾರು?

ಏಳೂವರೆಗೆ ಬಂದ ಮುಖ್ಯೋಪಾಧ್ಯಾಯರು ಜಮಖಾನದ ಮುಂದೆ ನಿಂತುಬಿಡುತ್ತಾರೆ. "ಇದೇನಾ ಅಕ್ಕಾ ನಿಮ್ಮ ಉಪಾಯ? ಒಳಗಿದ್ದದ್ದು ಹೊರಗ್ ಬಂತು."

"ಹೊರಗ್ ಬಂತಲ್ಲ ಮೇಷ್ಟ್ರೇ!" ಹೊರ್ಲೋ ಮುಖ ಅರಳಿದೆ. "ಬಾಗ್ಲು ಸಿಕ್ತು ಅವಕ್ಕೆ!"

ಅಂದು ಸಂಜೆ ಜಮಖಾನ ಸುತ್ತಿ ಬದಿಗಿಟ್ಟು, ಅದೇ ಮೂರು ಹೆಜ್ಜೆ ಅಳೆದು, ಅವರು ಅಲ್ಲಿ ಒಂದು ಅಗಲ ಬಾಯಿಯ ಬಕೆಟ್ಟು ಇಡುತ್ತಾರೆ. ಶುಕ್ರವಾರ ಬೆಳಗ್ಗೆ ಕೋಣೆ ಒಣಗಿದೆ, ಕಾರಿಡಾರು ಒಣಗಿದೆ, ಬಕೆಟ್ಟು ಅರ್ಧ ತುಂಬಿದೆ. ಗನ್‌ಸುಖ್ ಥರ್ಮಾಮೀಟರು ತೂಗುಹಾಕಿ ಹತ್ತು ನಿಮಿಷ ಕಾಯುತ್ತಾರೆ. ಹದಿನೇಳು. ಗಾಜಿನ ಮೇಲೆ ಉಗುರಿನಿಂದ ಎರಡು ಸಲ ತಟ್ಟುತ್ತಾರೆ. ಹದಿನೇಳೇ. ಬಕೆಟ್ಟನ್ನೊಮ್ಮೆ, ಹೊರ್ಲೋ ಮುಖವನ್ನೊಮ್ಮೆ ನೋಡುತ್ತಾರೆ. "ಇದು ಮುದಿ ಥರ್ಮಾಮೀಟರು," ಎಂದು ಅದನ್ನು ಜೇಬಿಗಿಳಿಸಿ ನಡೆಯುತ್ತಾರೆ.

ಶುಕ್ರವಾರ ಹನ್ನೊಂದರ ಮೇಲೆ ಒಂದನೇ ತರಗತಿಯಲ್ಲಿ ಪಾಠ ನಡೆಯುವುದಿಲ್ಲ. ತರಗತಿಯ ಶಿಕ್ಷಕಿ ಅನೂಜಿನ್‌ಗೆ ಇಪ್ಪತ್ನಾಲ್ಕು ವರ್ಷ, ಪಟ್ಟಣದ ಹುಡುಗಿ. ಅವಳೂ ಈಗ ಒಪ್ಪಿಕೊಂಡಿದ್ದಾಳೆ. ಮಕ್ಕಳ ಕಣ್ಣು ಹಲಗೆಯ ಮೇಲಿರುತ್ತದೆ, ಕಿವಿ ಮಾತ್ರ ರಸ್ತೆಯ ಮೇಲೆ. ಗುಡ್ಡದಾಚೆ ಮೋಟಾರ್ ಸೈಕಲ್ ಸದ್ದು ಕೇಳಿದ ತಕ್ಷಣ "ಅದು ನಿಮ್ಮಪ್ಪಂದು" ಎಂದು ಒಬ್ಬರಿಗೊಬ್ಬರು ಹೇಳುತ್ತಾರೆ. ಇಲ್ಲಿಯವರೆಗೆ ಒಮ್ಮೆಯೂ ತಪ್ಪಿಲ್ಲ. ಇಂದು ಬ್ಯಾಂಬಾನ ಗಾಡಿಯ ಸದ್ದು ಬಂದಾಗ ಸೊಲೊಂಗೊ ಮಾತ್ರ ಬರೆಯುತ್ತಿದ್ದ ಅಕ್ಷರವನ್ನೇ ಮತ್ತೆ ಮತ್ತೆ ಬರೆಯುತ್ತಾಳೆ.

ಬ್ಯಾಂಬಾ ಹಾಸಿಗೆ ಕಟ್ಟಲು ಹಗ್ಗ ತಂದಿದ್ದಾನೆ. ಕಾರಿಡಾರಿನಲ್ಲಿ ಟೋಪಿ ತೆಗೆದು ನಿಲ್ಲುತ್ತಾನೆ. "ಏನಾಯ್ತಕ್ಕಾ?"

"ಸುಳ್ಳು ಹೇಳಲ್ಲ ತಮ್ಮಾ. ನಿನ್ನೆ ನೆಲದ ಮೇಲೆ ಮಾಡಿದ್ಲು. ಅವ್ಳೊಬ್ಳೇ ಅಲ್ಲ, ಆದ್ರೆ ಅವ್ಳೂ ಇದ್ಲು."

"ಎಲ್ಲಿ?"

"ಇಲ್ಲಿ. ನೀನ್ ನಿಂತಿದೀಯಲ್ಲ, ಅಲ್ಲೇ."

ಬ್ಯಾಂಬಾ ಕಾಲು ಸರಿಸಿ ನೆಲ ನೋಡುತ್ತಾನೆ. ಹೊಸ ಕೋಣೆಯ ಒಳಗೆ ಹೋಗುತ್ತಾನೆ. ಮಂಚಗಳ ತಲೆ ಯಾವ ಕಡೆ, ಕಿಟಕಿ ಯಾವ ಕಡೆ ಎಂದು ನೋಡುತ್ತಾನೆ. ತಿರುಗಿ ನಿಂತು ಬಾಗಿಲಿನಿಂದ ಹೊರಗೆ ದೃಷ್ಟಿ ಹಾಯಿಸುತ್ತಾನೆ. ಎದುರಿನ ಕೋಣೆಯ ಬಾಗಿಲು ತೆರೆದಿದೆ, ಆ ಕೋಣೆಯ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಕಾರಿಡಾರಿನವರೆಗೂ ಬಂದು ಬಿದ್ದಿದೆ.

"ಬಾಗ್ಲು ದಾಟಿ ಆಚೆ ಮಾಡಿದ್ಲಾ?"

"ದಾಟಿ, ಮೂರು ಹೆಜ್ಜೆ."

"ಹಾಗಾದ್ರೆ ಸರಿಯಾಗೇ ಮಾಡಿದಾಳಲ್ಲ," ಎನ್ನುತ್ತಾನೆ ಬ್ಯಾಂಬಾ. "ಅದ್ರಲ್ಲಿ ತಪ್ಪೇನಿದೆ?"

"ಇವತ್ತು ಬಕೆಟ್ಟಲ್ಲೇ ಮಾಡಿದಾಳೆ."

ಬ್ಯಾಂಬಾ ಮಗಳನ್ನು ಗಾಡಿಯ ಹಿಂದೆ ಕೂರಿಸಿ, ತಂದ ಹಗ್ಗದಿಂದ ಅವಳನ್ನೇ ತನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ, ದಾರಿಯಲ್ಲಿ ನಿದ್ದೆ ಹೋದರೆ ಬೀಳಬಾರದೆಂದು. ಗಾಡಿ ಒದೆಯುವ ಮೊದಲು ಆಕಾಶ ನೋಡುತ್ತಾನೆ. "ಭಾನುವಾರ ಹಿಮ ಬಿದ್ರೆ ಕುದ್ರೆ ಮೇಲೆ ತರ್ತೀನಿ. ಸ್ವಲ್ಪ ತಡ ಆಗ್ಬೋದು ಅಕ್ಕಾ, ಊಟ ಎತ್ತಿಡಿ."

ಮೂರು ಗಂಟೆಗೆ ಹಾಸ್ಟೆಲು ಖಾಲಿ. ಹೊರ್ಲೋ ಬಕೆಟ್ಟನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ, ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಉಪ್ಪು ಚಹಾ ಕುಡಿಯುತ್ತಾರೆ. ಎರಡು ವರ್ಷದಲ್ಲಿ ಹೊಸ ಹಾಸ್ಟೆಲು ಬರಲಿದೆಯಂತೆ, ಮೂರು ಮಹಡಿಯದ್ದು, ಒಳಗೇ ಶೌಚಾಲಯ ಇರುವಂಥದ್ದು. ಬೇಸಿಗೆಯಲ್ಲಿ ರಾಜಧಾನಿಯಿಂದ ಮೂವರು ಬಂದು ಟೇಪು ಹಿಡಿದು ಜಾಗ ಅಳೆದು ಹೋಗಿದ್ದಾರೆ. ಹೊಸ ಕಟ್ಟಡದಲ್ಲಿ ನಿಮಗೇನು ಬೇಕು ಎಂದರೆ ಹೊರ್ಲೋ ಬಟ್ಟಲು ಕೆಳಗಿಡುತ್ತಾರೆ.

"ನಂಗೇನೂ ಬೇಡ. ಇನ್ನೊಂದ್ಸಲ ಅಳೆಯೋಕ್ ಬಂದಾಗ ಅವ್ರು ಒಂದು ರಾತ್ರಿ ಇಲ್ಲೇ ಮಲಗ್ಲಿ. ಬೆಳಗ್ಗೆ ಆರು ಹತ್ತಕ್ಕೆ ನಾನೇ ಎಬ್ಬಿಸ್ತೀನಿ."