ಓಬಣ್ಣನಿಗೆ ‘ಒಪ್ಕೊಂಡ್ಬಿಡು’ ಅಂದವನು

ಓಬಣ್ಣನಿಗೆ ಬಸ್ಸಿನ ಡ್ರೈವರ್ ಕೆಲಸ ತಪ್ಪಿದ್ದು ಅಂಕ ಕಡಿಮೆ ಬಿದ್ದು ಅಲ್ಲ. ನನ್ನಿಂದ. ಅದನ್ನು ಬಚ್ಚಿಟ್ಟವನೂ ನಾನೇ — ಅವನ ಕೈಯಿಂದ ಕಾಗದ ಇಸಕೊಂಡು, ಅವನ ಎದುರಿಗೇ ಸುಳ್ಳು ಓದಿ.

ಓಬಣ್ಣ ನನ್ನ ದೊಡ್ಡಪ್ಪನ ಮಗ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಟೆಂಪೋದಲ್ಲಿ ಶೇಂಗಾ ಸಾಗಿಸುತ್ತಿದ್ದ. ಏಳನೇ ಕ್ಲಾಸು ಪಾಸಾಗಿದ್ದ, ಊರಿನ ಬೋರ್ಡು ಓದುತ್ತಿದ್ದ. ಆದರೆ ಸೀಲು ಬಿದ್ದ ಕಾಗದ ಬಂತೆಂದರೆ ನೇರ ನನ್ನ ಹತ್ತಿರ. ಅವನೊಬ್ಬನೇ ಅಲ್ಲ, ಕೊಂಡ್ಲಹಳ್ಳಿ ಪಕ್ಕದ ನಮ್ಮ ಹಟ್ಟಿಯೇ ಹಾಗೆ. ಹಟ್ಟಿಗೆ ಮೊದಲ ಬಿ.ಎ. ನಾನು. ಅವ್ವ ಕಳೆ ತೆಗೆಯಲು ಕೂಲಿಗೆ ಹೋಗಿ ಓದಿಸಿದಳು. ಹಾಸ್ಟೆಲಿನಲ್ಲಿ ಒಂದೇ ಪ್ಯಾಂಟನ್ನು ಒಗೆದೊಗೆದು ಹಾಕಿ ಮೂರು ವರ್ಷ ಕಳೆದೆ. ಅದರ ಹೆಮ್ಮೆ ಇವತ್ತಿಗೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಪಾಸಾದ ಮೇಲೆ, ‘ನನಗೆ ಗೊತ್ತಿಲ್ಲ’ ಅನ್ನುವ ಮಾತು ನನ್ನ ಬಾಯಿಂದ ಬಂದದ್ದೇ ಇಲ್ಲ.

ತೊಂಬತ್ತರ ದಶಕದ ಕೊನೆ. ಚಳ್ಳಕೆರೆಯಲ್ಲಿ ಸಂತೆಯ ದಿನ, ಮೂಟೆ ಹೇರಿಕೊಂಡಿದ್ದ ಸೈಕಲ್ಲಿನವನೊಬ್ಬ ಓಲಾಡಿ ಟೆಂಪೋಗೆ ಅಡ್ಡ ಬಿದ್ದ. ಮೊಣಕಾಲು ತರಚಿತು. ಆಸ್ಪತ್ರೆಗೆ ಕರೆದೊಯ್ದವನೂ ಓಬಣ್ಣನೇ. ಆದರೂ ಕೇಸಾಯಿತು, ಕೆಲವು ತಿಂಗಳಿಗೆ ಸಮನ್ಸ್ ಬಂತು. ಅಷ್ಟರಲ್ಲಿ ಅವನು ಸರ್ಕಾರಿ ಬಸ್ಸಿನ ಡ್ರೈವರ್ ಹುದ್ದೆಗೆ ಅರ್ಜಿ ಹಾಕಿ, ಬಸ್ಸು ಓಡಿಸಿ ತೋರಿಸುವ ಪರೀಕ್ಷೆಯನ್ನೂ ಮುಗಿಸಿ ಕಾಯುತ್ತಿದ್ದ.

“ಕೋರ್ಟ್‌ನಾಗೆ ಏನ್ ಕೇಳ್ತಾರಲೇ ತಮ್ಮಾ? ನಂಗೆ ಕೈಕಾಲೇ ಆಡ್ತಿಲ್ಲ.”

“ಏನೂ ಇಲ್ಲಣ್ಣ. ಒಪ್ಕೊಂಡ್ಬಿಡು. ಫೈನ್ ಕಟ್ಟಿ ಬರಾದು, ಹತ್ತು ನಿಮಿಷ.”

“ನಂದೇನೂ ತಪ್ಪೇ ಇಲ್ವಲ್ಲೋ. ಅವ್ನೇ ಅಲ್ವಾ ಅಡ್ಡ ಬಂದಿದ್ದು?”

“ಅದನ್ನೆಲ್ಲ ಹೇಳಾಕೋದ್ರೆ ವರ್ಷಗಟ್ಲೆ ಅಲೀಬೇಕಾಗತೈತೆ.”

ನನಗೆ ಗೊತ್ತಿದ್ದದ್ದು ಇಷ್ಟೇ — ಕಾಲೇಜಿನ ದಿನಗಳಲ್ಲಿ ಮೊಪೆಡ್ಡಿನ ಮೇಲೆ ಮೂವರು ಹೋಗಿ ಸಿಕ್ಕಿಬಿದ್ದಿದ್ದೆವು. ಅದೇ ಕೋರ್ಟಿನಲ್ಲಿ ‘ತಪ್ಪಾಯ್ತು ಸ್ವಾಮಿ’ ಅಂದು ದಂಡ ಕಟ್ಟಿ, ಎದುರಿನ ಹೋಟೆಲಿನಲ್ಲಿ ಟೀ ಕುಡಿದು ಬಂದಿದ್ದೆವು. ಓಬಣ್ಣನ ಸಮನ್ಸಿನಲ್ಲಿ ಕಾನೂನಿನ ಎರಡು ಕಲಮು ಬರೆದಿದ್ದರು. ಅವು ಏನೆಂದು ನನಗೆ ತಿಳಿಯಲಿಲ್ಲ. ತಿಳಿದವನ ಹಾಗೆ ತಲೆಯಾಡಿಸಿ ಕಾಗದ ಮಡಚಿದೆ.

ಕೋರ್ಟಿನ ಬಳಿ ಬೇವಿನ ಮರದ ಕೆಳಗೆ ವಯಸ್ಸಾದ ವಕೀಲರೊಬ್ಬರು ಕೂತಿರುತ್ತಿದ್ದರು. ಹಾಜರಾಗುವ ದಿನ ಅವರನ್ನು ಕಂಡು ‘ಇವರ್ನ ಒಂದ್ಮಾತು ಕೇಳಾಣೇನೋ?’ ಅಂದ ಓಬಣ್ಣ. ನಾನು ಬಿ.ಎ. ಎಂದು ಅವನು ಹೇಳಿದ್ದೇ, ಅವರು ನನ್ನ ಇಸ್ತ್ರಿ ಅಂಗಿ ನೋಡಿ ನಕ್ಕರು. “ಏನಪ್ಪಾ ಬಿ.ಎ., ನೀನೇ ವಾದ ಮಾಡ್ತೀಯೇನು? ಕಾಗದ ಇತ್ತ ತಾ, ನೋಡಾನ.”

ನಾನು ಕೊಡಲಿಲ್ಲ. ಆ ನಗು ಚುಚ್ಚಿತ್ತು — ಬರೀ ಅಷ್ಟಕ್ಕೇ. ಅವರು ಕೇಳಿದ್ದು ಕಾಗದ, ದುಡ್ಡಲ್ಲ.

‘ಓಬಯ್ಯ ಬಿನ್ ಬೋರಯ್ಯ’ — ಮೂರು ಸಲ ಕೂಗಿದರು. ಅವನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ. ಜಡ್ಜು ಸಾವಧಾನದ ಮನುಷ್ಯರು. ಅಜಾಗರೂಕತೆಯಿಂದ ಗಾಡಿ ಓಡಿಸಿ ಗಾಯ ಮಾಡಿದ್ದೀಯೆಂದು ಆರೋಪವಿದೆ, ಒಪ್ಪುತ್ತೀಯಾ ಎಂದು ಕೇಳಿದರು. ಓಬಣ್ಣ ತಿರುಗಿ ನನ್ನ ಕಡೆ ನೋಡಿದ. ಹೂಂ ಎಂದು ತಲೆಯಾಡಿಸಿದೆ.

“ಯೋಚನೆ ಮಾಡಿ ಹೇಳಪ್ಪ. ವಕೀಲರನ್ನ ಇಟ್ಕೊಳ್ಳಬಹುದು, ಸಮಯ ಬೇಕಾದ್ರೂ ಕೇಳಬಹುದು.”

ಮತ್ತೆ ತಿರುಗಿ ನೋಡಿದ. ಬೇಡವೆಂದು ತಲೆಯಾಡಿಸಿದೆ.

“ಒಪ್ಕೊಂಡೆ ಸ್ವಾಮಿ.”

ದಂಡ ಹಾಕಿದರು. ಹತ್ತು ನಿಮಿಷವೂ ಆಗಲಿಲ್ಲ. ಹೊರಗೆ ಬಂದು ಅವನೇ ನನಗೆ ಟೀ ಕುಡಿಸಿದ. “ನೀ ಇಲ್ದಿದ್ರೆ ನಾ ಸತ್ತೇ ಹೋಗ್ತಿದ್ದೆ ನೋಡು” ಅಂದ.

ನಾಲ್ಕು ತಿಂಗಳಿಗೆ ಇನ್ನೊಂದು ಕಾಗದ ಬಂತು. ಒಡೆಯದೆ ತಂದು ನನ್ನ ಕೈಗಿಟ್ಟ. ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ, ಅಜಾಗರೂಕ ಚಾಲನೆಯ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಯಾಗಿರುವುದರಿಂದ ನೇಮಕಕ್ಕೆ ಪರಿಗಣಿಸಿಲ್ಲ — ಹಾಗಿತ್ತು. ಎರಡು ಸಲ ಓದಿದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.

“ಮಾರ್ಕ್ಸ್ ಸಾಲಲಿಲ್ಲವಂತಣ್ಣ” ಅಂದೆ.

“ಎಷ್ಟು ಕಮ್ಮಿ?”

“ಸ್ವಲ್ಪ.”

“ನನ್ ತಲೇನೇ ಅಷ್ಟು ಬಿಡು” ಅಂದು ಎದ್ದು ಹೋದ. ಕಾಗದ ನನ್ನಲ್ಲೇ ಉಳಿಯಿತು. ಅವನು ವಾಪಸ್ಸು ಕೇಳಲಿಲ್ಲ.

ಆಮೇಲೆ ನಾನು ಮೊಳಕಾಲ್ಮೂರಿನಲ್ಲಿ ಮೇಷ್ಟ್ರಾದೆ. ಆ ಕಲಮುಗಳು ಏನೆಂದು ತಿಳಿದುಕೊಂಡೆ. ಹೆಲ್ಮೆಟ್ಟು, ಲೈಸನ್ಸಿನ ದಂಡ ಬೇರೆ, ಗಾಯ ಮಾಡಿದ್ದೇನೆ ಎಂದು ಒಪ್ಪುವುದು ಬೇರೆ. ಎರಡನೆಯದು ದಂಡ ಕಟ್ಟಿದರೂ ಮನುಷ್ಯನ ಹಿಂದೆ ಬರುತ್ತದೆ. ಈಗ ಯಾರು ಸಮನ್ಸ್ ತಂದರೂ ಮೊದಲು ವಕೀಲರ ಹತ್ತಿರ ಕಳಿಸುತ್ತೇನೆ. ಒಳ್ಳೆಯ ಮೇಷ್ಟ್ರು ಅನ್ನುತ್ತಾರೆ. ಬಸ್ಸು ಹತ್ತಿದರೆ ಡ್ರೈವರನ ಮುಖ ನೋಡಲಾರೆ. ಎಲ್ಲಿ ಆ ಖಾಕಿ ಅಂಗಿಯವನು ಕತ್ತು ತಿರುಗಿಸಿ ನನ್ನನ್ನು ನೋಡಿಬಿಡುತ್ತಾನೋ — ಹಾಗೆ, ಕಟಕಟೆಯಿಂದ ನೋಡಿದ ಹಾಗೆ...

ಹೋದ ವಾರ ಅವನ ಮನೆಗೆ ಹೋಗಿದ್ದೆ. ಅವನು ಇನ್ನೂ ಬೇರೆಯವರ ಟೆಂಪೋ ಓಡಿಸುತ್ತಾನೆ. ಮಗಳು ಎಸೆಸೆಲ್ಸಿ. ಅವಳಿಗೆ ಹೇಳುತ್ತಿದ್ದ: “ಚಿಕ್ಕಪ್ಪನಂಗೆ ಓದವ್ವ. ನಾನು ಮಾರ್ಕ್ಸ್ ಕಮ್ಮಿ ತಗಂಡು ಕೆಟ್ಟೆ.” ಹುಡುಗಿ ಅಪ್ಪನನ್ನು ನೋಡಿ ನಕ್ಕಳು — ದಡ್ಡನನ್ನು ನೋಡಿ ನಗುವ ಹಾಗೆ. ಅವನೂ ನಕ್ಕ. ನಾನು ತಟ್ಟೆಯಲ್ಲಿದ್ದ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ.

ಕೆಲಸ ಕಳೆದದ್ದು ನನ್ನ ಅಜ್ಞಾನ. ಇಷ್ಟು ವರ್ಷ ಅವನು ತನ್ನನ್ನೇ ದಡ್ಡನೆಂದುಕೊಂಡು ಬದುಕಿದ್ದು ಮಾತ್ರ ನಾನು ತಿಳಿದೂ ತಿಳಿದೂ ಮಾಡಿದ್ದು. ಅದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ.

ಭಾನುವಾರ ಮತ್ತೆ ಹೋಗುತ್ತೇನೆ. ಅವನು ಕೂರಿಸಿದರೂ ಸರಿ, ಹೊರಗೆ ದಬ್ಬಿದರೂ ಸರಿ. ಮೊದಲು ಆ ಹುಡುಗಿಗೆ ಹೇಳಬೇಕು — ನಿಮ್ಮಪ್ಪ ಪಾಸಾಗಿದ್ದ ಕಣವ್ವ.